ಈ ನೀರು ಯಾವ ಊರಿನದು?

ಪ್ಲಾಂಕ್ಟನ್ ಬಲೆ ಮೇಲೆ ಬಂದಾಗ ಅದರ ತುದಿಯ ಡಬ್ಬಿಯಲ್ಲಿ ಕಾಣುವುದು ತೆಳ್ಳನೆಯ ಕಂದು ಗಂಜಿ. ಮೊದಲ ಸಲ ನೋಡುವವರಿಗೆ ‘ಇಷ್ಟೇನಾ?’ ಅನ್ನಿಸುತ್ತದೆ. ಆ ಡಬ್ಬಿಯನ್ನು ಬೆಳಕಿಗೆ ಹಿಡಿದು, ಅಲ್ಲಾಡಿಸದೆ ಅರ್ಧ ನಿಮಿಷ ನೋಡಬೇಕು. ಗಂಜಿಯೊಳಗೆ ಚುಕ್ಕೆಗಳು ಪಟಪಟ ಜಿಗಿಯುತ್ತಿರುತ್ತವೆ. ಅವು ಕೋಪೆಪಾಡ್‌ಗಳು. ಸೀಗಡಿ, ಏಡಿಗಳ ದೂರದ ನೆಂಟರು, ಹೆಚ್ಚಿನವು ಒಂದೆರಡು ಮಿಲಿಮೀಟರ್ ಕೂಡ ದಾಟುವುದಿಲ್ಲ. ಗಾಜಿನ ಸೂಜಿಯ ಹಾಗೆ ಅಲ್ಲಾಡದೆ ನಿಂತು, ಥಟ್ಟನೆ ಮುಂದಕ್ಕೆ ನುಗ್ಗುವುದು ಬಾಣಹುಳು. ಅದು ನುಗ್ಗಿತು ಅಂದರೆ ಒಂದು ಕೋಪೆಪಾಡ್ ಕಡಿಮೆಯಾಯಿತು ಅಂತಲೇ ಲೆಕ್ಕ.

ನೀರು ಹೊತ್ತುಕೊಂಡು ಹೋದ ಕಡೆ ಹೋಗುವ ಇಂಥ ಜೀವಿಗಳಿಗೆಲ್ಲ ಜರ್ಮನಿಯ ವಿಕ್ಟರ್ ಹೆನ್ಸೆನ್ 1887ರಲ್ಲಿ ಪ್ಲಾಂಕ್ಟನ್ ಎಂದು ಹೆಸರಿಟ್ಟ. ಗ್ರೀಕ್‌ನಲ್ಲಿ ಅಲೆಮಾರಿ ಎಂದರ್ಥ. ನಮ್ಮ ಪುಸ್ತಕಗಳು ಪ್ಲವಕ ಅನ್ನುತ್ತವೆ. ಅವಕ್ಕೆ ಈಜಲು ಬರುವುದಿಲ್ಲ ಅಂತಲ್ಲ. ಹಲವು ಪ್ರಾಣಿ ಪ್ಲಾಂಕ್ಟನ್‌ಗಳು ರಾತ್ರಿ ಮೇಲಕ್ಕೂ ಹಗಲು ಕೆಳಕ್ಕೂ ದಿನಾ ಓಡಾಡುತ್ತವೆ. ಆದರೆ ಪ್ರವಾಹಕ್ಕೆ ಎದುರಾಗಿ ಹೋಗುವ ಶಕ್ತಿ ಇಲ್ಲ. ಹಾಗಾಗಿ ಈ ಡಬ್ಬಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಏನೇನಿದೆ?’ ಅಲ್ಲ. ‘ಈ ನೀರು ಎಲ್ಲಿಂದ ಬಂತು?’

ಮಲಕ್ಕಾ ಜಲಸಂಧಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಇಂಡೋನೇಷ್ಯಾದ ಸುಮಾತ್ರ, ದಕ್ಷಿಣದ ತುದಿಯಲ್ಲಿ ಸಿಂಗಾಪುರ. ಸುಮಾರು 800 ಕಿಲೋಮೀಟರ್ ಉದ್ದ. ಆಕಾರ ಆಲಿಕೆಯದು. ವಾಯವ್ಯದಲ್ಲಿ ಅಂಡಮಾನ್ ಸಮುದ್ರದ ಕಡೆಗೆ ಅಗಲವಾದ ಬಾಯಿ, ಆಗ್ನೇಯಕ್ಕೆ ಬರುತ್ತಾ ಕಿರಿದು. ಸಿಂಗಾಪುರದ ಬಳಿಯ ಫಿಲಿಪ್ ಕಾಲುವೆಯಲ್ಲಿ ದಾರಿಯ ಅಗಲ ಮೂರು ಕಿಲೋಮೀಟರ್ ಕೂಡ ಇಲ್ಲ. ಈ ದಾರಿಯಲ್ಲಿ ವರ್ಷಕ್ಕೆ 80,000ಕ್ಕೂ ಜಾಸ್ತಿ ಹಡಗುಗಳು ಹೋಗುತ್ತವೆ. ಹಗಲು ರಾತ್ರಿ ಸೇರಿಸಿ ಆರೇಳು ನಿಮಿಷಕ್ಕೊಂದು ಹಡಗು.

ಆಳವೂ ಅಷ್ಟಕ್ಕಷ್ಟೆ. ದಕ್ಷಿಣ ಭಾಗದಲ್ಲಿ ಬಹುಪಾಲು 30 ಮೀಟರ್ ಆಸುಪಾಸು, ಕೆಲವು ಕಡೆ ಅದಕ್ಕೂ ಕಡಿಮೆ. ದೊಡ್ಡ ತೈಲ ಹಡಗಿನ ಹೊಟ್ಟೆಯೇ 20 ಮೀಟರ್ ನೀರಿನೊಳಗೆ ಇರುತ್ತದೆ. ಹಡಗಿನ ತಳಕ್ಕೂ ಸಮುದ್ರದ ನೆಲಕ್ಕೂ ಮಧ್ಯೆ ಕನಿಷ್ಠ 3.5 ಮೀಟರ್ ಇರಲೇಬೇಕು ಎಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ನಿಯಮವೇ ಇದೆ. ಮೂರೂವರೆ ಮೀಟರ್ ಅಂದರೆ ಒಂದು ಅಂತಸ್ತಿನ ಮನೆಯ ಎತ್ತರ! ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡ ಪ್ರೊಪೆಲರ್ ತಿರುಗಿದರೆ ತಳದ ಕೆಸರು ಸುಮ್ನೆ ಕೂತಿರುತ್ತದಾ?

ಇಂಥ ಕಡೆ ಸಣ್ಣ ದೋಣಿಯಲ್ಲಿ ಬಲೆ, ಬಾಟಲಿ ಹಿಡಿದು ಸಮೀಕ್ಷೆಗೆ ಹೊರಟವರಿಗೆ ಬೇಕಾದಲ್ಲಿ ನಿಲ್ಲುವ ಸ್ವಾತಂತ್ರ್ಯ ಇಲ್ಲ. ಹೋಗುವ ಹಡಗುಗಳಿಗೊಂದು ಪಥ, ಬರುವವಕ್ಕೊಂದು ಪಥ ಎಂದು ಇಲ್ಲಿ 1981ರಿಂದ ವಿಂಗಡಣೆ ಇದೆ. ಪಥವನ್ನು ಅಡ್ಡ ದಾಟುವುದನ್ನು ಆದಷ್ಟೂ ತಪ್ಪಿಸಬೇಕು. ದಾಟಲೇಬೇಕಾದರೆ ನೇರ ಅಡ್ಡಕ್ಕೆ ದಾಟಬೇಕು, ಓರೆಯಾಗಿ ಹೋಗಬಾರದು. ಹೆದ್ದಾರಿ ದಾಟುವಾಗ ಹಿರಿಯರು ಹೇಳುತ್ತಾರಲ್ಲ, ಹಾಗೆ. ನಕ್ಷೆಯ ಮೇಲೆ ಸಮ ಅಂತರದಲ್ಲಿ ಚುಕ್ಕೆ ಇಟ್ಟು ಯೋಜನೆ ಮಾಡುವುದು ಸುಲಭ. ನೀರಿಗಿಳಿದರೆ ಎಷ್ಟೋ ಚುಕ್ಕೆಗಳು ಪಥದ ಅಂಚಿಗೆ ಸರಿಯುತ್ತವೆ. ಇಂಥ ಸಮೀಕ್ಷೆಯ ನಕ್ಷೆ ನೋಡುವಾಗ ನಾನು ಮೊದಲು ಹುಡುಕುವುದು ಚುಕ್ಕೆ ಇಲ್ಲದ ಜಾಗಗಳನ್ನು.

ದೋಣಿ ನಿಂತ ಮೇಲೆ ಮೊದಲು ಇಳಿಯುವುದು ಎಲ್ಲಕ್ಕಿಂತ ಸರಳವಾದ ಸಾಧನ. 30 ಸೆಂಟಿಮೀಟರ್ ಅಗಲದ ಬಿಳಿ ತಟ್ಟೆ, ಅದಕ್ಕೊಂದು ಹಗ್ಗ. ತಟ್ಟೆ ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಳ್ಳುವುದು, ಅಷ್ಟೇ. ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಪೋಪ್ ಅವರ ಹಡಗಿನಿಂದ ಇಂಥ ತಟ್ಟೆಯನ್ನು ಇಳಿಸಿ ನೋಡಿದ. ಇವತ್ತಿಗೂ ಅದು ಸೆಕ್ಕಿ ತಟ್ಟೆಯೇ. ತಿಳಿಯಾದ ತೆರೆದ ಸಾಗರದಲ್ಲಿ 30 ಮೀಟರ್ ಇಳಿದರೂ ಕಾಣುವ ತಟ್ಟೆ, ನದಿಮುಖದ ಕೆಸರಿನಲ್ಲಿ ಒಂದೆರಡು ಮೀಟರಿಗೇ ಮಾಯ. ಸಸ್ಯ ಪ್ಲಾಂಕ್ಟನ್ ಬದುಕುವುದು ಬೆಳಕಿನಿಂದ. ಆದ್ದರಿಂದ ಈ ಹಗ್ಗದ ಅಳತೆಗೆ ಬೆಲೆ ಜಾಸ್ತಿ.

ಆಮೇಲೆ ಉಪ್ಪಿನಂಶ, ಉಷ್ಣತೆ, ಆಳ ಮೂರನ್ನೂ ಒಟ್ಟಿಗೆ ದಾಖಲಿಸುವ ಸಿಟಿಡಿ ಎಂಬ ಉಪಕರಣ. ಬೇಕಾದ ಆಳದಲ್ಲಿ ಬಾಯಿ ಮುಚ್ಚಿಕೊಂಡು ನೀರು ಹಿಡಿಯುವ ನಿಸ್ಕಿನ್ ಬಾಟಲಿ. ಆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್, ಅಮೋನಿಯಾ, ಸಿಲಿಕೇಟ್ ಎಷ್ಟಿದೆ ಎಂಬ ಪರೀಕ್ಷೆ. ನನಗೆ ಇಷ್ಟವಾದದ್ದು ಆಮ್ಲಜನಕದ ಪರೀಕ್ಷೆ. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟ ವಿಧಾನ. ಗಾಜಿನ ಬಾಟಲಿಯಲ್ಲಿ ಗುಳ್ಳೆ ಬಾರದಂತೆ ನೀರು ತುಂಬಿ, ಎರಡು ರಾಸಾಯನಿಕ ದ್ರಾವಣ ಬಿಟ್ಟು, ಬಿರಡೆ ಒತ್ತಿ ತಲೆಕೆಳಗು ಮಾಡುತ್ತಾರೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಮಡ್ಡಿ ಕಟ್ಟುತ್ತದೆ. ಇಲ್ಲದಿದ್ದರೆ ಮಡ್ಡಿ ಬೆಳ್ಳಗೇ ಉಳಿಯುತ್ತದೆ. ಸರಿಯಾದ ಅಂಕಿ ಆಮೇಲೆ ಸಿಗುತ್ತದೆ, ಆದರೆ ಕೆಟ್ಟ ಸುದ್ದಿ ದೋಣಿಯ ಮೇಲೆಯೇ ಕಣ್ಣಿಗೆ ಕಾಣುತ್ತದೆ.

ಈಗ ಬಲೆಗೆ ಬರೋಣ. ಪ್ರಾಣಿ ಪ್ಲಾಂಕ್ಟನ್‌ಗೆ ಸಾಮಾನ್ಯವಾಗಿ 200 ಮೈಕ್ರಾನ್ ಕಣ್ಣಿನ ಬಲೆ, ಸಸ್ಯ ಪ್ಲಾಂಕ್ಟನ್‌ಗೆ 20 ಮೈಕ್ರಾನ್. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ಬಲೆಯ ಬಾಯಲ್ಲಿ ಪುಟ್ಟ ಫ್ಯಾನ್‌ನಂಥ ಮೀಟರ್ ಇರುತ್ತದೆ. ಎಷ್ಟು ಸುತ್ತು ತಿರುಗಿತು ಅನ್ನುವುದರಿಂದ ಎಷ್ಟು ನೀರು ಬಲೆಯೊಳಗೆ ಹಾದುಹೋಯಿತು ಎಂದು ತಿಳಿಯುತ್ತದೆ. ಅರ್ಧ ಮೀಟರ್ ಬಾಯಿಯ ಬಲೆಯನ್ನು ನೂರು ಮೀಟರ್ ಎಳೆದರೆ ಸುಮಾರು 20 ಘನ ಮೀಟರ್ ನೀರು, ಅಂದರೆ 20,000 ಲೀಟರ್ ಸೋಸಿದ ಹಾಗೆ. ಸಿಕ್ಕಿದ್ದನ್ನೆಲ್ಲ ಎಣಿಸುತ್ತಾ ಕೂತರೆ ಜನ್ಮ ಸಾಲದು. ಅದಕ್ಕೆ ಮಾದರಿಯನ್ನು ಅರ್ಧ, ಅರ್ಧದಲ್ಲಿ ಅರ್ಧ, ಹೀಗೆ ಆರು ಸಲ ಪಾಲು ಮಾಡುತ್ತಾರೆ. 64ರಲ್ಲಿ ಒಂದು ಪಾಲು ಉಳಿಯುತ್ತದೆ. ಅದರಲ್ಲಿ 240 ಕೋಪೆಪಾಡ್ ಸಿಕ್ಕಿವೆ ಅನ್ನಿ. 64ರಿಂದ ಗುಣಿಸಿದರೆ 15,360. 20ರಿಂದ ಭಾಗಿಸಿದರೆ ಘನ ಮೀಟರಿಗೆ 768.

ಲೆಕ್ಕ ಚೊಕ್ಕವಾಗಿಯೇ ಇದೆ. ಆದರೆ ಕೆಸರು ನೀರಿನಲ್ಲಿ ಬಲೆಯ ಕಣ್ಣುಗಳು ಬೇಗ ಕಟ್ಟಿಕೊಳ್ಳುತ್ತವೆ. ಕಟ್ಟಿಕೊಂಡ ಬಲೆ ನೀರನ್ನು ಸೋಸುವ ಬದಲು ಮುಂದಕ್ಕೆ ತಳ್ಳುತ್ತದೆ. ಮೀಟರ್ ಇಲ್ಲದೆ ಬರೀ ಎಳೆದ ದೂರದಿಂದ ಲೆಕ್ಕ ಹಾಕಿದವರು ನೀರು ಜಾಸ್ತಿ, ಜೀವಿ ಕಡಿಮೆ ಎಂದು ಬರೆದುಬಿಡುತ್ತಾರೆ. ಬಡ ಸಮುದ್ರ ಎಂಬ ತೀರ್ಮಾನ ಎಷ್ಟೋ ಸಲ ಕೊಳಕು ಬಲೆಯ ತೀರ್ಮಾನ.

ಈ ಜಲಸಂಧಿಗೆ ಇಂಥ ಬಲೆ ಹೊಸದೇನಲ್ಲ. ಮಲಕ್ಕಾ ಊರಿನ ಕ್ರಿಸ್ತಾಂಗ್ ಸಮುದಾಯದವರು, ಪೋರ್ಚುಗೀಸ್ ಮೂಲದ ಮೀನುಗಾರರು, ಸೊಂಟದ ಮಟ್ಟದ ನೀರಿನಲ್ಲಿ ನಡೆಯುತ್ತಾ ಸಣ್ಣ ಕಣ್ಣಿನ ಬಲೆಯನ್ನು ಮುಂದೆ ತಳ್ಳಿಕೊಂಡು ಹೋಗುತ್ತಿದ್ದರು. ಎರಡು ಉದ್ದದ ಕೋಲುಗಳ ಮಧ್ಯೆ ಕಟ್ಟಿದ ಬಲೆ, ಹೆಸರು ಸುಂಗ್ಕೋರ್. ಸಿಗುತ್ತಿದ್ದುದು ಗೆರಾಗೊ, ಅಂದರೆ ಅಸೀಟಿಸ್ ಎಂಬ ಪುಟಾಣಿ ಸೀಗಡಿ. ಉಪ್ಪು ಹಾಕಿ, ಒಣಗಿಸಿ, ಜಜ್ಜಿ ಮಾಡುವ ಬೆಲಾಚಾನ್‌ಗೆ ಅದೇ ಮೂಲ. ಸಮುದಾಯಕ್ಕೇ ಗೆರಾಗೊ ಎಂದು ಅಡ್ಡಹೆಸರು ಬಿದ್ದಿತ್ತು. ಪ್ಲಾಂಕ್ಟನ್ ಪಟ್ಟಿಗಳಲ್ಲಿ ಅಸೀಟಿಸ್ ಇವತ್ತಿಗೂ ಕಾಣಿಸುತ್ತದೆ. ಉಬ್ಬರ ಇಳಿತದ ಯಾವ ಹೊತ್ತಿಗೆ ಯಾವ ದಂಡೆಗೆ ಹೋಗಬೇಕು ಎಂದು ಗೊತ್ತಿಲ್ಲದೆ ಅವರ ಬಲೆ ತುಂಬುತ್ತಿರಲಿಲ್ಲ.

ಆ ಹೊತ್ತಿನ ವಿಷಯವೇ ಇಲ್ಲಿ ದೊಡ್ಡದು. ಮಲೇಷ್ಯಾದ ಕ್ಲಾಂಗ್ ಬಂದರಿನ ಬಳಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು 4 ಮೀಟರಿನಷ್ಟು ಏರಿಳಿಯುತ್ತದೆ, ಅದೂ ದಿನಕ್ಕೆ ಎರಡು ಸಲ. ಇಷ್ಟು ನೀರು ಬಂದು ಹೋಗಬೇಕಾದರೆ ಪ್ರವಾಹ ಜೋರಾಗಿಯೇ ಇರಬೇಕು. ಬೆಳಿಗ್ಗೆ ತುಂಬಿಸಿದ ಬಾಟಲಿಯ ಅಕ್ಕಪಕ್ಕ ಇದ್ದ ನೀರು ಮಧ್ಯಾಹ್ನದ ಹೊತ್ತಿಗೆ ಹತ್ತಾರು ಕಿಲೋಮೀಟರ್ ಆಚೆ ಇರಬಹುದು. ಒಂದೇ ಜಾಗ, ಒಂದೇ ದಿನ, ಎರಡು ಬೇರೆ ನೀರು. ಇಳಿತದಲ್ಲಿ ನದಿಯ ನೀರು, ಉಬ್ಬರದಲ್ಲಿ ಕಡಲ ನೀರು. ಉಬ್ಬರವೋ ಇಳಿತವೋ ಬರೆಯದ ವರದಿಯಲ್ಲಿ ‘ಅಮೋನಿಯಾ ಜಾಸ್ತಿ’ ಎಂದಿದ್ದರೆ ನಾನಂತೂ ನಂಬಲು ಹಿಂದೆಮುಂದೆ ನೋಡುತ್ತೇನೆ.

ಇನ್ನು ಋತು. ಈ ಭಾಗದಲ್ಲಿ ಮೇಲ್ಮೈ ನೀರು ವರ್ಷಪೂರ್ತಿ 28ರಿಂದ 30 ಡಿಗ್ರಿ ಸುತ್ತಮುತ್ತಲೇ ಇರುತ್ತದೆ. ಥರ್ಮಾಮೀಟರ್ ನೋಡಿ ತಿಂಗಳು ಹೇಳಲು ಆಗದು. ಋತು ಗೊತ್ತಾಗುವುದು ನೀರಿನ ಬಣ್ಣದಲ್ಲಿ. ಸುಮಾತ್ರದ ಪೂರ್ವ ಕರಾವಳಿ ಜೌಗು ನೆಲ. ಅರ್ಧಂಬರ್ಧ ಕೊಳೆತ ಎಲೆ, ಬೇರು, ಮರ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂತಿವೆ. ಅಲ್ಲಿಂದ ಹರಿದು ಬರುವ ಸಿಯಾಕ್, ಕಂಪಾರ್ ನದಿಗಳ ನೀರು ಹಾಲಿಲ್ಲದ ಚಹಾದ ಬಣ್ಣ. ನೈಋತ್ಯ ಮಾರುತದ ತಿಂಗಳುಗಳಲ್ಲಿ, ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಈ ಚಹಾ ನೀರು ಕಡಲ ನೀರಿನಲ್ಲಿ ಬೆರೆತು ಸಿಂಗಾಪುರ ಜಲಸಂಧಿಯವರೆಗೂ ಬರುತ್ತದೆ. ಉಪ್ಪು ಇಳಿಯುತ್ತದೆ, ಬೆಳಕು ಆಳಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಈಶಾನ್ಯ ಮಾರುತ ಶುರುವಾದ ಮೇಲೆ ಪ್ರವಾಹ ತಿರುಗಿ, ದಕ್ಷಿಣ ಚೀನಾ ಸಮುದ್ರದ ಉಪ್ಪು ಜಾಸ್ತಿ ಇರುವ ನೀರು ಒಳಗೆ ಬರುತ್ತದೆ.

‘ಇಷ್ಟೆಲ್ಲ ಯಾಕೆ, ಉಪಗ್ರಹದಿಂದ ನೋಡಿದರೆ ಆಗದಾ?’ ಎಂದು ಕೇಳಬಹುದು. ಉಪಗ್ರಹ ಸಮುದ್ರದ ಬಣ್ಣ ನೋಡಿ, ಸಸ್ಯ ಪ್ಲಾಂಕ್ಟನ್‌ನೊಳಗಿನ ಹಸಿರು ಬಣ್ಣವಾದ ಕ್ಲೋರೋಫಿಲ್ ಎಷ್ಟಿದೆ ಎಂದು ಅಂದಾಜು ಮಾಡುತ್ತದೆ. ಕ್ಲೋರೋಫಿಲ್ ನೀಲಿ ಬೆಳಕನ್ನು ಹೀರುತ್ತದೆ. ಈ ಚಹಾ ಬಣ್ಣವೂ ನೀಲಿ ಬೆಳಕನ್ನೇ ಹೀರುತ್ತದೆ! ಮೇಲಿನಿಂದ ನೋಡಿದರೆ ಕೊಳೆತ ಎಲೆಯ ಕಷಾಯ ಕೂಡ ಪ್ಲಾಂಕ್ಟನ್ ಥರ ಕಾಣುತ್ತದೆ. ಜೊತೆಗೆ ಮೋಡದ ಕಾಟ. ಹೀಗಾಗಿ ದೋಣಿಯಲ್ಲಿ ಹೋಗಿ ನೀರು ತಂದು, ಸೋಸಿ, ಸೋಸಿದ ಕಾಗದವನ್ನು ಅಸಿಟೋನ್‌ನಲ್ಲಿ ಕತ್ತಲೆಯಲ್ಲಿ ನೆನೆಸಿಡುವ ಹಳೆಯ ಕೆಲಸ ತಪ್ಪಿಲ್ಲ. ಆ ಹಸಿರು ದ್ರಾವಣಕ್ಕೆ ನೀಲಿ ಬೆಳಕು ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ. ಎಷ್ಟು ಹೊಳಪೋ ಅಷ್ಟು ಕ್ಲೋರೋಫಿಲ್.

ನೀರು ಓಡುತ್ತಿರುವುದು ಸಮೀಕ್ಷೆಗೆ ತಲೆನೋವು, ಸಮುದ್ರಕ್ಕೆ ಒಳ್ಳೆಯದು. ಓಡದೆ ನಿಂತರೆ ಏನಾಗುತ್ತದೆ ಎಂಬುದನ್ನು ಪಕ್ಕದ ಜೊಹೋರ್ ಜಲಸಂಧಿಯಲ್ಲೇ ನೋಡಬಹುದು. ಸಿಂಗಾಪುರಕ್ಕೂ ಮಲೇಷ್ಯಾಕ್ಕೂ ನಡುವಿನ ಈ ಸಣ್ಣ ಸೀಳಿಗೆ ಅಡ್ಡಲಾಗಿ ಕಲ್ಲು ತುಂಬಿ ಕಟ್ಟಿದ ರಸ್ತೆ 1924ರಲ್ಲಿ ಮುಗಿಯಿತು. ಅವತ್ತಿನಿಂದ ನೀರು ಈ ತುದಿಯಿಂದ ಆ ತುದಿಗೆ ಹರಿಯುವಂತಿಲ್ಲ. ಎರಡೂ ದಂಡೆಗಳಲ್ಲಿ ಊರು, ಕಾರ್ಖಾನೆ. ಅಲ್ಲಿಂದ ಬಂದ ಸಾರಜನಕ, ರಂಜಕ ಅಲ್ಲೇ ಸುತ್ತುತ್ತವೆ, ಸಸ್ಯ ಪ್ಲಾಂಕ್ಟನ್‌ಗೆ ಅವೇ ಗೊಬ್ಬರ. 2014ರ ಫೆಬ್ರವರಿಯಲ್ಲಿ ಅದರ ಪಶ್ಚಿಮ ಭಾಗದಲ್ಲಿ ಕಾರ್ಲೋಡಿನಿಯಮ್ ಆಸ್ಟ್ರೇಲ್ ಎಂಬ ಡೈನೋಫ್ಲಾಜೆಲೇಟ್, ಅಂದರೆ ಬಾಲದಂಥ ಎಳೆಗಳಿರುವ ಏಕಕೋಶದ ಪ್ಲಾಂಕ್ಟನ್, ವಿಪರೀತ ಬೆಳೆದು, ಪಂಜರದ ಮೀನುಗಳು ರಾಶಿ ರಾಶಿ ಸತ್ತವು.

ಇಂಥ ಬೆಳೆ ಎದ್ದಾಗ ಆಮ್ಲಜನಕದ ಅಂಕಿ ಮೋಸ ಮಾಡುವುದುಂಟು. ಮಧ್ಯಾಹ್ನ ಹೋಗಿ ಅಳೆದರೆ ಬೇಕಾದ್ದಕ್ಕಿಂತ ಜಾಸ್ತಿಯೇ ಆಮ್ಲಜನಕ ಇರುತ್ತದೆ, ಬಿಸಿಲಿಗೆ ಅವು ತಯಾರಿಸುತ್ತಿರುತ್ತವೆ. ರಾತ್ರಿಯಾದರೆ ಅವೇ ಉಸಿರಾಡಿ ಅದನ್ನು ಖಾಲಿ ಮಾಡುತ್ತವೆ. ಮೀನು ಒದ್ದಾಡುವುದು ಬೆಳಗಿನ ಜಾವಕ್ಕೆ ಮುಂಚೆ. ಸಮೀಕ್ಷೆಯವರು ಬರುವುದು ತಿಂಡಿ ಮುಗಿಸಿದ ಮೇಲೆ.

ಸಂಖ್ಯೆ ಕಡಿಮೆ ಇದ್ದರೂ ಅಪಾಯ ತರುವವು ಬೇರೆ ಇವೆ. ಮಲಕ್ಕಾ ಕರಾವಳಿಯ ಸೆಬಾಟು ಎಂಬಲ್ಲಿ 1991ರಲ್ಲಿ ಹಸಿರು ಮಸ್ಸೆಲ್ ಚಿಪ್ಪುಗಳನ್ನು ತಿಂದವರು ಕಾಯಿಲೆ ಬಿದ್ದರು. ಕಾರಣ ಅಲೆಕ್ಸಾಂಡ್ರಿಯಮ್ ಎಂಬ ಇನ್ನೊಂದು ಡೈನೋಫ್ಲಾಜೆಲೇಟ್. ಚಿಪ್ಪುಜೀವಿ ದಿನವಿಡೀ ನೀರು ಸೋಸುತ್ತಾ ಅದರ ವಿಷವನ್ನು ಮೈಯಲ್ಲಿ ಕೂಡಿಹಾಕುತ್ತದೆ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ನೀರು ಕೆಂಪಾಗುವವರೆಗೆ ಕಾಯುತ್ತಾ ಕೂತರೆ ಇದು ಸಿಗದು. ಸೂಕ್ಷ್ಮದರ್ಶಕದ ಕೆಳಗೆ ಒಂದು ಮಿಲಿಲೀಟರ್ ನೀರನ್ನು ಸಾವಿರ ಚೌಕದ ಗಾಜಿನ ತಟ್ಟೆಯಲ್ಲಿ ಹರಡಿ, ಒಂದೊಂದೇ ಚೌಕ ದಾಟಿಸುತ್ತಾ ಎಣಿಸುವವರಿಗೆ ಮಾತ್ರ ಸಿಗುತ್ತದೆ.

ಹಡಗುಗಳು ತರುವ ಕಾಟ ಬರೀ ಎಣ್ಣೆಯದಲ್ಲ. ಎಣ್ಣೆಯದೂ ಸಣ್ಣದಲ್ಲ ಬಿಡಿ. 1997ರ ಅಕ್ಟೋಬರ್‌ನಲ್ಲಿ ಎವೊಯಿಕೋಸ್ ಹಡಗು ಇನ್ನೊಂದಕ್ಕೆ ಡಿಕ್ಕಿಯಾಗಿ ಸುಮಾರು 28,500 ಟನ್ ಇಂಧನ ಎಣ್ಣೆ ಸಿಂಗಾಪುರ ಜಲಸಂಧಿಗೆ ಸೇರಿತು. ಅದು ಎಲ್ಲರ ಕಣ್ಣಿಗೂ ಕಂಡಿತು. ಕಣ್ಣಿಗೆ ಕಾಣದ್ದು ಬ್ಯಾಲಾಸ್ಟ್ ನೀರು. ಸರಕು ಇಳಿಸಿದ ಹಡಗು ತೂಕಕ್ಕೆಂದು ಒಂದು ಬಂದರಿನ ನೀರು ತುಂಬಿಸಿಕೊಂಡು, ಮತ್ತೊಂದು ಬಂದರಿನಲ್ಲಿ ಚೆಲ್ಲುತ್ತದೆ. ಜೊತೆಗೆ ಅಲ್ಲಿನ ಡಯಾಟಮ್ ಎಂಬ ಏಕಕೋಶದ ಪಾಚಿ, ಇಲ್ಲಿನ ಏಡಿಮರಿ, ಯಾರದೋ ಮೊಟ್ಟೆ. 2017ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದ ಮಾನದಂಡದ ಪ್ರಕಾರ, ಸಂಸ್ಕರಿಸಿ ಹೊರಬಿಡುವ ನೀರಿನಲ್ಲಿ 50 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಜೀವಂತ ಜೀವಿಗಳು ಘನ ಮೀಟರಿಗೆ 10ಕ್ಕಿಂತ ಕಡಿಮೆ ಇರಬೇಕು. ನಮ್ಮ ಲೆಕ್ಕದ 768 ಕೋಪೆಪಾಡ್‌ಗಳನ್ನು ನೆನೆಸಿಕೊಂಡರೆ ಇದು ಎಷ್ಟು ಬಿಗಿ ಎಂದು ಗೊತ್ತಾಗುತ್ತದೆ. ಆದರೆ ಹೊಸಬರು ಬಂದರು ಎಂದು ಹೇಳಬೇಕಾದರೆ ಹಳಬರು ಯಾರು ಎಂದು ಮೊದಲೇ ಬರೆದಿಟ್ಟಿರಬೇಕಲ್ವಾ? ಹಳೆಯ ಮಾದರಿಗಳಿಗೆ ಬೆಲೆ ಬರುವುದು ಆಗ.

ಅಂಥ ಮಾದರಿಗಳು ಫಾರ್ಮಾಲಿನ್ ಹಾಕಿದ ಬಾಟಲಿಗಳಲ್ಲಿ ಸಾಲಾಗಿ ಕೂತಿರುತ್ತವೆ. ಪ್ರತಿಯೊಂದರ ಒಳಗೂ, ಹೊರಗಲ್ಲ, ಒಂದು ಕಾಗದದ ಚೂರು. ಹೊರಗೆ ಅಂಟಿಸಿದ ಚೀಟಿ ಉದುರಿಹೋಗುತ್ತದೆ, ಪೆನ್ನಿನ ಶಾಯಿ ಕರಗಿಹೋಗುತ್ತದೆ. ಅದಕ್ಕೇ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ದಿನ, ಗಂಟೆ, ಅಕ್ಷಾಂಶ, ರೇಖಾಂಶ, ಆಳ, ಬಲೆಯ ಕಣ್ಣು, ಮೀಟರ್ ಎಷ್ಟು ಸುತ್ತಿತು. ಕೊನೆಯಲ್ಲಿ, ಅಲುಗುವ ದೋಣಿಯಲ್ಲಿ ಬರೆದ ಸೊಟ್ಟ ಅಕ್ಷರದಲ್ಲಿ, ಇಳಿತ.