20 ಲೀಟರಿನ ಕ್ಯಾನು, 30 ಹನಿ

ಹುಬ್ಬಳ್ಳಿಯ ನನ್ನ ತಂಗಿಯ ಮನೆಯಲ್ಲಿ ನಳದ ನೀರು ಬರುವ ದಿನ ಎಲ್ಲರೂ ನಸುಕಿನಲ್ಲೇ ಎದ್ದಿರುತ್ತಾರೆ. ಬ್ಯಾರಲ್ಲು, ಕೊಡ, ಬಕೆಟ್ಟು, ಕಡೆಗೆ ಅಡಿಗೆಯ ಪಾತೇಲಿ ಕೂಡ ಸಾಲಿಗೆ ನಿಲ್ಲುತ್ತದೆ. ಅಂಥದೊಂದು ಬೆಳಗ್ಗೆ ಅವಳ ಒಂಬತ್ತು ವರ್ಷದ ಮಗ ಶಾಲೆಯ ಪುಸ್ತಕ ಹಿಡಿದುಕೊಂಡು ಬಂದ.

"ಮಾಮಾ, ಭೂಮಿ ಮ್ಯಾಲೆ 71 ಪರ್ಸೆಂಟ್ ನೀರ ಐತಂತ. ಮತ್ತ ನಮಗ್ಯಾಕ ವಾರಕ್ಕೊಮ್ಮೆ ಬರತೈತಿ?"

ಎಂಥ ಒಳ್ಳೆಯ ಪ್ರಶ್ನೆ ಅಲ್ವಾ! ಪುಸ್ತಕದ ಅಂಕಿ ಸರಿಯಾಗಿಯೇ ಇದೆ. ಆದರೆ ನೀರು ಎಷ್ಟು ಜಾಗದಲ್ಲಿ ಹರಡಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಕುಡಿಯಲು ಬರುವ ನೀರೆಷ್ಟು ಎಂಬ ಲೆಕ್ಕ ಬೇರೆ. ಅದನ್ನು ಬಾಯಲ್ಲಿ ಹೇಳುವ ಬದಲು ಕುಡಿಯುವ ನೀರಿನ 20 ಲೀಟರ್ ಕ್ಯಾನನ್ನೇ ಅವನ ಮುಂದೆ ಇಟ್ಟೆ. ಭೂಮಿಯ ಮೇಲಿನ ನೀರೆಲ್ಲ ಇದರಲ್ಲೇ ಇದೆ ಅಂದುಕೋ ಎಂದೆ.

ಅದರಿಂದ ಅರ್ಧ ಲೀಟರ್ ಚರಗಿಗೆ ಬಗ್ಗಿಸಿದೆವು. ಸಿಹಿನೀರು ಇಷ್ಟೇ. ಕ್ಯಾನಿನಲ್ಲಿ ಉಳಿದದ್ದೆಲ್ಲ ಉಪ್ಪುನೀರು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅಂದರೆ ಎರಡು ದೊಡ್ಡ ಚಮಚದಷ್ಟು. ಅದನ್ನು ಕುಡಿದರೆ ಉಪ್ಪನ್ನು ಹೊರಹಾಕಲು ನಮ್ಮ ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಜಾಸ್ತಿ ನೀರು ಬೇಕಾಗುತ್ತದೆ. ದಾಹ ಇನ್ನೂ ಹೆಚ್ಚುತ್ತದೆ.

ಚರಗಿಯ ನೀರಾದರೂ ನಮ್ಮ ಕೈಗೆ ಸಿಗುತ್ತದೆಯೇ? ಅದರ ಮೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು ಅಂಟಾರ್ಕ್ಟಿಕಾ, ಗ್ರೀನ್‌ಲ್ಯಾಂಡ್, ಹಿಮಾಲಯದಂಥ ಕಡೆ ಹಿಮವಾಗಿ ಕೂತಿದೆ. ಇನ್ನೊಂದು ಚಹಾ ಕಪ್ಪಿನಷ್ಟು ನೆಲದೊಳಗಿದೆ. ನಮ್ಮ ಬೋರ್‌ವೆಲ್‌ಗಳು ಎತ್ತುವುದು ಅದನ್ನೇ. ಅದೂ ಎಲ್ಲ ಕಡೆ ಕುಡಿಯಲು ಬರುವುದಿಲ್ಲ. ಗದಗ ಜಿಲ್ಲೆಯ ಮುಂಡರಗಿ ಭಾಗದಲ್ಲಿ ಬೋರಿನ ನೀರಿನ ಫ್ಲೋರೈಡ್ ದೊಡ್ಡ ತೊಂದರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಇನ್ನೂ ಜಾಸ್ತಿಯಾದರೆ ಮೂಳೆಗೇ ಪೆಟ್ಟು.

ಹಾಗಾದರೆ ಹೊಳೆ, ಕೆರೆ, ಜೌಗಿನಲ್ಲಿರುವ ನೀರು? ಔಷಧಿಯ ಡ್ರಾಪರ್ ತಂದು ಅವನ ಅಂಗೈಯಲ್ಲಿ ಹನಿ ಬಿಟ್ಟೆ. ಅವನೇ ಎಣಿಸಿದ. ಸುಮಾರು 30 ಹನಿ. ತುಂಗಭದ್ರೆ, ವರದಾ, ಗಂಗೆ, ಅಮೆಜಾನ್, ಉಣಕಲ್ ಕೆರೆ, ಎಲ್ಲ ಆ 30 ಹನಿಯೊಳಗೆ. ಅವರ ಮನೆಯ ನಳಕ್ಕೆ ಬರುವ ಮಲಪ್ರಭೆಯ ನೀರೂ ಅದರೊಳಗಿನದೇ. ಆ ಹೊಳೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ನವಿಲುತೀರ್ಥದ ಆಣೆಕಟ್ಟಿನಲ್ಲಿ ನಿಂತು, ಪೈಪು ಹಿಡಿದು ಹುಬ್ಬಳ್ಳಿಗೆ ಬರುತ್ತದೆ. ಹುಡುಗ ಅಂಗೈ ಅಲುಗಿಸದೆ ಬಹಳ ಹೊತ್ತು ನೋಡುತ್ತಾ ನಿಂತ.

ಈ ಹನಿಗಳು ನಿಂತಲ್ಲಿ ನಿಲ್ಲುವುದಿಲ್ಲ. ಧಾರವಾಡದ ಮಕ್ಕಳಿಗೆ ಇದನ್ನು ತೋರಿಸಲು ಮಳೆ ಬಂದರೆ ಸಾಕು. ಊರು ನೀರು ಕವಲೊಡೆಯುವ ಏರಿನ ಮೇಲೇ ಇದೆ. ಪಶ್ಚಿಮಕ್ಕೆ ಇಳಿದ ಮಳೆನೀರು ಶಾಲ್ಮಲೆ, ಬೇಡ್ತಿಯ ದಾರಿ ಹಿಡಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಇಳಿದದ್ದು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ.

ಮುಂದಿನ ಭಾನುವಾರ ಅವನನ್ನು ಧಾರವಾಡದ ಕೆಲಗೇರಿ ಕೆರೆಗೆ ಕರೆದುಕೊಂಡು ಹೋದೆ. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಯಲ್ಲಿ ದಂಡೆಯ ನೀರು ತುಂಬಿ ಬಿಸಿಲಿಗೆ ಹಿಡಿದೆವು. ಮೊದಲು ಏನೂ ಕಾಣಲಿಲ್ಲ. ಸುಮ್ನೆ ಐದು ನಿಮಿಷ ಕಾದೆವು. ಸೊಳ್ಳೆಯ ಮರಿಗಳು ಮೇಲಕ್ಕೆ ಬಂದು ತಲೆಕೆಳಗಾಗಿ ನೇತಾಡತೊಡಗಿದವು. ಬಾಲದ ತುದಿಯ ಕೊಳವೆಯಿಂದ ಅವು ಹೊರಗಿನ ಗಾಳಿ ಎಳೆಯುತ್ತವೆ. ತಳದ ಕೆಸರಿನಲ್ಲಿ ಕೆಸರಿನದೇ ಬಣ್ಣದ ಆರು ಕಾಲಿನ ಒಂದು ಹುಳ ಕಂಡಿತು. ಅದು ಏರೋಪ್ಲೇನ್ ಚಿಟ್ಟೆಯ ಮರಿ. ಅವನಿಗೆ ನಂಬಿಕೆಯೇ ಬರಲಿಲ್ಲ. ಗಾಳಿಯಲ್ಲಿ ಹಾರುವ ಆ ಹುಳ ಬಾಲ್ಯವನ್ನೆಲ್ಲ ನೀರಿನಲ್ಲೇ ಕಳೆಯುತ್ತದೆ. ಹಿಂಭಾಗದಿಂದ ನೀರು ಒಳಗೆಳೆದುಕೊಂಡು ಅಲ್ಲೇ ಇರುವ ಕಿವಿರುಗಳಿಂದ ಉಸಿರಾಡುತ್ತದೆ. ಹೆದರಿದರೆ ಆ ನೀರನ್ನೇ ಜೋರಾಗಿ ಚಿಮ್ಮಿ ಮುಂದಕ್ಕೆ ಹಾರುತ್ತದೆ. ಮಡಚಿಟ್ಟ ಕೆಳದುಟಿಯನ್ನು ಫಕ್ಕನೆ ಚಾಚಿ ಸೊಳ್ಳೆಮರಿಯನ್ನು ಹಿಡಿಯುತ್ತದೆ. ನಮ್ಮ ಬಾಟಲಿಯಲ್ಲೂ ಹಿಡಿಯಿತು. "ಮಾಮಾ, ತಿಂತು!" ಎಂದು ಅವನು ಕೂಗಿದ್ದು ಆಚೆ ದಂಡೆಗೂ ಕೇಳಿರಬೇಕು.

ನೀರಿನೊಳಗೆ ಉಸಿರಾಡುವುದು ಸುಲಭವಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದ್ದರೆ, ನಮ್ಮ ಕಡೆಯ ಶುದ್ಧ ಕೆರೆಯ ಒಂದು ಲೀಟರ್ ನೀರಿನಲ್ಲಿ 8 ಮಿಲಿಗ್ರಾಂ ಆಸುಪಾಸು. ನೀರು ಬಿಸಿಯಾದಷ್ಟೂ ಅದೂ ಇಳಿಯುತ್ತದೆ. ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ನೋಡುತ್ತೇವೆ. ನನಗೆ ಸಂಕಟ ತರುವುದು ಗಟಾರದ ನೀರು. ಅದು ಕೆರೆಗೆ ಸೇರಿದರೆ ಕೊಳಕನ್ನು ತಿನ್ನುವ ಬ್ಯಾಕ್ಟೀರಿಯಾಗಳು ಇದ್ದ ಆಮ್ಲಜನಕವನ್ನೂ ಮುಗಿಸುತ್ತವೆ. ಗೊಬ್ಬರ ಸಿಕ್ಕ ಅಂತರಗಂಗೆ ನೀರಿನ ಮೇಲೆ ಹಾಸಿಗೆಯಂತೆ ಹಬ್ಬಿ ಬಿಸಿಲನ್ನೂ ತಡೆಯುತ್ತದೆ. ಆಗ ಮೀನು ಸಾಯುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿಯೂ ಉಳಿಯುವುದು ಕಷ್ಟ. ಹೊರಗಿನ ಗಾಳಿ ಎಳೆಯುವ ಸೊಳ್ಳೆಮರಿ ಮಾತ್ರ ಆರಾಮಾಗಿ ಬೆಳೆಯುತ್ತದೆ. ಕೊಳಕು ಕೆರೆಯ ಪಕ್ಕದ ಓಣಿಗಳಲ್ಲಿ ಸೊಳ್ಳೆ ಯಾಕೆ ಜಾಸ್ತಿ ಎಂದು ಹುಡುಗನಿಗೆ ನಾನು ವಿವರಿಸಬೇಕಾಗಲಿಲ್ಲ. ಅವನೇ ಹೇಳಿದ.

ಬಾಟಲಿಯ ನೀರನ್ನು ಹುಳಗಳ ಸಮೇತ ತೆಗೆದ ಜಾಗದಲ್ಲೇ ಮೆಲ್ಲಗೆ ಬಿಟ್ಟೆವು.

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗುವುದಿದೆ. ನೀರಾವರಿಗೆಂದು ಜನ ಕಟ್ಟಿದ ಕೆರೆ ಅದು. 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಕೆರೆ, ಜೌಗುಗಳ ಪಟ್ಟಿಗೆ ಸೇರಿತು. ಮಧ್ಯ ಏಷ್ಯಾದ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಸಾವಿರಗಟ್ಟಲೆ ಬಂದು ಅಲ್ಲಿ ಇಳಿಯುತ್ತವೆ. ಅಷ್ಟು ಎತ್ತರದ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ರಕ್ತ ಅವುಗಳದ್ದು. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಹಗಲು ನೀರಿನಲ್ಲಿ ವಿಶ್ರಾಂತಿ. ಚರಗಿಯ ಹಿಮದ ಪಾಲನ್ನು ದಾಟಿಕೊಂಡು ಹನಿಗಳ ಪಾಲಿಗೆ ಬರುವ ಹಕ್ಕಿಗಳು ಎಂದು ಹೇಳಿದ್ದೆ. ಈಗ ಫೋನಿನಲ್ಲಿ ದಿನಾ ಒಂದೇ ಮಾತು: "ಮಾಮಾ, ಬಂದಾವೇನು?"