ಅವಮಾನ ಮೈಗೆ ಹತ್ತುವುದು ಹೇಗೆ?

ಪರೀಕ್ಷೆಗೆ ತಯಾರಾಗುತ್ತಿರುವ ಕಲಬುರಗಿಯ ನಮ್ಮ ಓದಿನ ಗುಂಪಿನಲ್ಲಿ ಮೊನ್ನೆ ಒಂದು ಪ್ರಶ್ನೆ ಬಂತು. ಅಮೆರಿಕ, ಬ್ರಿಟನ್‌ಗೆ ವಲಸೆ ಹೋದ ದಕ್ಷಿಣ ಏಷ್ಯಾದವರಿಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಯಾಕೆ ಜಾಸ್ತಿ? ಎಲ್ಲರೂ ವಂಶ, ಊಟ ಅಂತ ಬರೆದೆವು. ತಪ್ಪೇನಲ್ಲ. ಆದರೆ ಅಲ್ಲಿನ ಜನ ಅವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದನ್ನು ಒಬ್ಬರೂ ಬರೆಯಲಿಲ್ಲ. ಅದಕ್ಕೇ ಈ ಟಿಪ್ಪಣಿ.

ಯಾರಾದರೂ ಹೀಯಾಳಿಸಿದರೆ ಮಿದುಳು ಅದನ್ನು ಅಪಾಯ ಅಂತಲೇ ಎಣಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನುಗಳು ಹೆಚ್ಚುತ್ತವೆ. ಎದೆಬಡಿತ, ಬಿಪಿ, ರಕ್ತದ ಸಕ್ಕರೆ ಏರುತ್ತವೆ. ತೊಗರಿ ಹೊಲದಲ್ಲಿ ಹಾವು ಕಂಡಾಗ ಇದರಿಂದಲೇ ನಾವು ಬದುಕುತ್ತೇವೆ. ಹಾವು ಹೋದರೆ ಮೈ ತಣ್ಣಗಾಗುತ್ತದೆ. ಆದರೆ ಆ ಹಾವು ದಿನಾ ಕೆಲಸದ ಜಾಗದಲ್ಲೇ ಇದ್ದರೆ? ಮೈಗೆ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ. ಹೀಗೆ ಹೊಂದಿಕೊಂಡು ಹೊಂದಿಕೊಂಡು ದೇಹ ಸವೆಯುವುದಕ್ಕೆ ಮೆಕ್‌ಈವನ್ ಮತ್ತು ಸ್ಟೆಲ್ಲರ್ ಅನ್ನುವ ವಿಜ್ಞಾನಿಗಳು 1993ರಲ್ಲಿ 'ಅಲೋಸ್ಟ್ಯಾಟಿಕ್ ಲೋಡ್' ಅಂತ ಹೆಸರಿಟ್ಟರು. ನಿದ್ದೆ ಕೆಡುವುದು, ಸಿಗರೇಟು, ಕುಡಿತ ಇದರ ಜೊತೆ ಸೇರಿಕೊಳ್ಳುತ್ತವೆ.

ಬೈಗುಳ ನಮ್ಮ ಮೇಲೇ ಬೀಳಬೇಕು ಅಂತಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯಾಗಿ ನಾಲ್ಕೇ ದಿನಕ್ಕೆ ಅಮೆರಿಕದ ಅರಿಜೋನಾದ ಮೇಸಾದಲ್ಲಿ ಸಿಖ್ ವಲಸಿಗ ಬಲ್‌ಬೀರ್ ಸಿಂಗ್ ಸೋಧಿ ಅವರನ್ನು, ಪೇಟ ನೋಡಿ ಮುಸ್ಲಿಮರೆಂದು ತಪ್ಪು ತಿಳಿದು, ಅವರದೇ ಪೆಟ್ರೋಲ್ ಪಂಪ್ ಮುಂದೆ ಗುಂಡಿಕ್ಕಿ ಕೊಂದರು. 2012ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಕ್ ಕ್ರೀಕ್‌ನ ಗುರುದ್ವಾರದಲ್ಲಿ ಗುಂಡು ಹಾರಿತು. ಇಂಥದ್ದು ಕೇಳಿದ ತಾಯಿ, ಪೇಟ ಕಟ್ಟಿದ ಮಗ ಮನೆಗೆ ಬರುವತನಕ ಬಾಗಿಲು ನೋಡುತ್ತಾ ಕೂರುತ್ತಾಳೆ, ಅಲ್ವಾ? ಆ ಕಾಯುವಿಕೆಯೂ ಒತ್ತಡವೇ.

ಇನ್ನು ಅಳೆಯುವುದು. ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದೇ. ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ವಿಲಿಯಮ್ಸ್ ಮತ್ತು ಜೊತೆಗಾರರು 1997ರಲ್ಲಿ ದಿನನಿತ್ಯದ ತಾರತಮ್ಯ ಅಳೆಯಲು 9 ಪ್ರಶ್ನೆ ಕೊಟ್ಟರು. ಆ ಪ್ರಶ್ನೆಗಳಲ್ಲಿ 'ತಾರತಮ್ಯ' ಅನ್ನುವ ಪದವೇ ಇಲ್ಲ. ನಿಮಗೆ ಕಡಿಮೆ ಮರ್ಯಾದೆ ಕೊಡುತ್ತಾರಾ? ಹೋಟೆಲಿನಲ್ಲಿ, ಅಂಗಡಿಯಲ್ಲಿ ಬೇರೆಯವರಷ್ಟು ಚೆನ್ನಾಗಿ ನೋಡಿಕೊಳ್ಳುವುದಿಲ್ಲವಾ? ನಿಮ್ಮನ್ನು ದಡ್ಡರು ಅಂದುಕೊಂಡಂತೆ ನಡೆಯುತ್ತಾರಾ? ಇದು ಎಷ್ಟು ಸಲ ಆಗುತ್ತದೆ ಅಂತ ಕೇಳಿ, ಕಾರಣವನ್ನು ಆಮೇಲೆ ಕೇಳುತ್ತಾರೆ.

ಯಾಕೆ ಹೀಗೆ ಅಂತ ನನಗೆ ತಿಳಿದದ್ದು ನಮ್ಮ ಓಣಿಯಲ್ಲಿ. ಮುಂಬೈಗೆ ಗುಳೆ ಹೋಗಿ ವರ್ಷಗಟ್ಟಲೆ ಕಟ್ಟಡದ ಕೆಲಸ ಮಾಡಿ ಬಂದ ಕಾಕಾ ಒಬ್ಬರಿದ್ದಾರೆ. "ಕಾಕಾ, ಅಲ್ಲಿ ನಿಮಗ ಭೇದ ಮಾಡ್ತಿದ್ರೇನ್ರಿ?" ಅಂದೆ. "ಇಲ್ಲ ಯವ್ವಾ, ಹಂಗೇನಿಲ್ಲ" ಅಂದರು. ಸ್ವಲ್ಪ ಬಿಟ್ಟು, "ಹೋಟೆಲ್‌ನ್ಯಾಗ ಎಲ್ಲಾರಿಗಿ ಕೊಟ್ಟ ಮ್ಯಾಲ ನಿಮಗ ಚಹಾ ಕೊಡ್ತಿದ್ರಾ?" ಅಂದೆ. ಕಾಕಾ ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡರು. "ಅದು ದಿನಾ ಇತ್ತಲ್ಲ."

ನಾಚಿಕೆಯಿಂದಲೋ, ರೂಢಿಯಾಗಿಯೋ ಜನ ನೇರವಾಗಿ ಹೇಳುವುದಿಲ್ಲ. ಹಾಗಾಗಿ ಸರ್ವೆಯಲ್ಲಿ 'ಇಲ್ಲ' ಅಂದವರನ್ನೆಲ್ಲ ಆರಾಮಾಗಿದ್ದಾರೆ ಅಂತ ಲೆಕ್ಕ ಹಾಕಬೇಡಿ.

ಅಮೆರಿಕದ 'ಮಸಾಲಾ' ಅಧ್ಯಯನ ನೆನಪಿಡಿ. 2010ರಲ್ಲಿ ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೋ, ಶಿಕಾಗೋ ಸುತ್ತಲಿನ 906 ದಕ್ಷಿಣ ಏಷ್ಯಾದವರು ಮೊದಲ ಸುತ್ತಿನಲ್ಲಿದ್ದರು. ಮೂಲ ಗುರಿ ಹೃದಯದ ಕಾಯಿಲೆ. ಆದರೂ ತಾರತಮ್ಯ ಹೆಚ್ಚು ಕಂಡವರಲ್ಲಿ ಖಿನ್ನತೆ, ಆತಂಕದ ಲಕ್ಷಣಗಳೂ ಹೆಚ್ಚು ಅಂತ ಕಂಡುಬಂತು.

ವಲಸೆ ಹೋದವರೆಲ್ಲ ಒಂದೇ ಅಂತಲೂ ಬರೆಯಬೇಡಿ. ಜಾತಿ ವಿಮಾನ ಹತ್ತಿ ಜೊತೆಗೇ ಹೋಗುತ್ತದೆ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು, ಅಮೆರಿಕದ ನಗರಗಳಲ್ಲೇ ಮೊದಲು. ಹೊರಗಿನವರಿಂದಲೂ, ನಮ್ಮವರಿಂದಲೂ ಪೆಟ್ಟು ತಿನ್ನುವವರು ಅಲ್ಲಿದ್ದಾರೆ.

ಪರೀಕ್ಷೆಗೆ ಒಂದು ಮಾತು. ಒಂದೇ ಸಲ ಕೇಳಿದ ಉತ್ತರದಿಂದ ಯಾವುದು ಮೊದಲು ಅಂತ ಗೊತ್ತಾಗುವುದಿಲ್ಲ. ಮನಸ್ಸು ಕುಗ್ಗಿದವರಿಗೆ ಅವಮಾನ ಜಾಸ್ತಿ ನೆನಪಿರಬಹುದು. ವರ್ಷಗಟ್ಟಲೆ ಅದೇ ಜನರನ್ನು ಹಿಂಬಾಲಿಸಿ ನೋಡಿದರೆ ಕಾರಣದ ದಾರಿ ಸ್ಪಷ್ಟವಾಗುತ್ತದೆ. ಅಲ್ಲಿಯವರೆಗೆ ಉತ್ತರದಲ್ಲಿ 'ಸಂಬಂಧ ಕಂಡುಬಂದಿದೆ' ಅಂತಲೇ ಬರೆಯಿರಿ.