ಕಿಡ್ನಿ ಪಥ್ಯದಲ್ಲಿ ಬೀಫ್: ಯಾರಿಗೆ, ಎಷ್ಟು?

ಕಿಡ್ನಿ ತೊಂದರೆ ಇರುವವರು ಬೀಫ್ ತಿನ್ನಬಹುದೇ ಎಂದು ಪರೀಕ್ಷೆಯಲ್ಲಿ ಕೇಳಿದರೆ ಹೌದು, ಇಲ್ಲ ಎಂದು ಬರೆದು ಮುಗಿಸಬೇಡಿ. ರೋಗಿಗೆ ಡಯಾಲಿಸಿಸ್ ಶುರುವಾಗಿದೆಯೇ ಎಂಬುದರ ಮೇಲೆ ಉತ್ತರ ತಲೆಕೆಳಗಾಗುತ್ತದೆ.

ಪ್ರೋಟೀನ್ ಕರಗಿದಾಗ ಯೂರಿಯಾ ಹುಟ್ಟುತ್ತದೆ, ಅದನ್ನು ಹೊರಹಾಕುವ ಕೆಲಸ ಕಿಡ್ನಿಯದು. ಡಯಾಲಿಸಿಸ್ ಇಲ್ಲದೆ ಕಿಡ್ನಿ ರೋಗದ 3ರಿಂದ 5ನೇ ಹಂತದಲ್ಲಿರುವ (5 ಎಂದರೆ ಅತಿ ತೀವ್ರ) ವಯಸ್ಕರಿಗೆ, ಕಿಡ್ನಿ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2024ರ ಮಾರ್ಗಸೂಚಿ ಹೇಳುವುದು ಕೆ.ಜಿ. ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್. 60 ಕೆ.ಜಿ. ತೂಗುವವರಿಗೆ 48 ಗ್ರಾಂ ಆಯಿತು. ಬೇಯಿಸಿದ, ಕೊಬ್ಬು ಕಡಿಮೆಯಿರುವ 100 ಗ್ರಾಂ ಬೀಫ್‌ನಲ್ಲೇ ಸುಮಾರು 26 ಗ್ರಾಂ ಇರುತ್ತದೆ. ಒಂದು ಹೊತ್ತಿಗೇ ಅರ್ಧಕ್ಕಿಂತ ಹೆಚ್ಚು ಖರ್ಚು! ಧಾನ್ಯ, ಕಾಳು, ಹಾಲಿನ ಲೆಕ್ಕ ಇನ್ನೂ ಬಾಕಿ. ಡಯಾಲಿಸಿಸ್‌ನಲ್ಲಿರುವವರ ಕಥೆಯೇ ಬೇರೆ. ಪ್ರೋಟೀನ್‌ನ ಘಟಕಗಳಾದ ಅಮೈನೊ ಆಮ್ಲಗಳು ರಕ್ತ ಶುದ್ಧಿಗೆ ಬಳಸುವ ದ್ರಾವಣದ ಜೊತೆ ಸೋರಿಹೋಗುವುದರಿಂದ ಅವರಿಗೆ ಕೆ.ಜಿ.ಗೆ 1.0ರಿಂದ 1.2 ಗ್ರಾಂ ಬೇಕು. ಅವರಿಗೆ ಕಡಿಮೆ ತಿನ್ನುವುದೇ ಅಪಾಯ.

ನಾನು ಲೆಕ್ಕದಲ್ಲಿ ಎಡವಿದ್ದು ತೂಕದಲ್ಲಿ. ಬೇಯುವಾಗ ನೀರು ಬಿಟ್ಟು ಮಾಂಸ ಸುಮಾರು ಕಾಲುಭಾಗ ಹಗುರಾಗುತ್ತದೆ. ಪಥ್ಯದ ಚೀಟಿಯಲ್ಲಿರುವುದು ಹಸಿ ತೂಕವೋ ಬೆಂದ ತೂಕವೋ ಎಂದು ಕೇಳಿಕೊಂಡೇ ಮುಂದುವರಿಯಿರಿ.

ಇನ್ನು ರಂಜಕ (ಫಾಸ್ಫರಸ್). ಇದನ್ನು ಹೊರಹಾಕುವುದೂ ಕಿಡ್ನಿಯೇ. 100 ಗ್ರಾಂ ಬೆಂದ ಬೀಫ್‌ನಲ್ಲಿ ಸುಮಾರು 200 ಮಿಲಿಗ್ರಾಂ ಇದ್ದರೂ ಮೈಗೆ ಹತ್ತುವುದು ಅದರ 40ರಿಂದ 60 ಶೇಕಡಾ. ಸಾಸೇಜ್, ಸಿದ್ಧ ಪ್ಯಾಟಿಗಳಿಗೆ ಬೆರೆಸುವ ಫಾಸ್ಫೇಟ್ ಉಪ್ಪು ಮಾತ್ರ 90 ಶೇಕಡಾದಷ್ಟು ಹೀರಿಕೆಯಾಗುತ್ತದೆ. ಸೋಡಿಯಂ ಬೇರೆ! ನನ್ನನ್ನು ಕೇಳಿದರೆ ಬೀಫ್‌ಗಿಂತ ಹೆಚ್ಚು ಹೆದರಬೇಕಾದ್ದು ಆ ಪೊಟ್ಟಣಕ್ಕೆ. ಪೋಷಕಾಂಶಗಳ ಪಟ್ಟಿಯಲ್ಲಿ ರಂಜಕದ ಹೆಸರೇ ಇರದಿರಬಹುದು, ಪದಾರ್ಥಗಳ ಸಾಲಿನಲ್ಲಿ ‘ಫಾಸ್ಫೇಟ್’ ಇದೆಯೇ ಹುಡುಕಿ.

ಸಣ್ಣ ತುಂಡು ಮಾಡಿ ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿದರೆ, ಕಿಡ್ನಿ ಸೋತಾಗ ರಕ್ತದಲ್ಲಿ ಸೇರಿಕೊಳ್ಳುವ ಪೊಟ್ಯಾಸಿಯಂ ಇಳಿಯುತ್ತದೆ, ರಂಜಕವೂ ಸ್ವಲ್ಪ ಹೋಗುತ್ತದೆ. ಪ್ರೋಟೀನ್ ಬಹುಪಾಲು ತುಂಡಿನಲ್ಲೇ ಉಳಿಯುತ್ತದೆ. ರುಚಿಯೆಲ್ಲ ಸಾರಿನಲ್ಲಿದೆ ಎಂದು ಅದನ್ನೇ ಕುಡಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಗಂಧಕವಿರುವ ಅಮೈನೊ ಆಮ್ಲಗಳಿಂದ ರಕ್ತದ ಆಮ್ಲೀಯತೆ ಹೆಚ್ಚುವುದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ಹಲವರು ಬಿಟ್ಟುಬಿಡುವ ಅಂಶ ಇದು: ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಬೇಯುವಾಗ ಕ್ರಿಯಾಟಿನಿನ್ ಆಗುತ್ತದೆ; ಕಿಡ್ನಿಯ ಕೆಲಸವನ್ನು ಅಳೆಯುವುದು ರಕ್ತದಲ್ಲಿ ಈ ಕಸದ ಮಟ್ಟ ನೋಡಿಯೇ. ತಿಂದ ಕೆಲವು ಗಂಟೆ ರಕ್ತದಲ್ಲಿ ಅದರ ಮಟ್ಟ ಏರಿ, ಕಿಡ್ನಿ ಇದ್ದಕ್ಕಿಂತ ಕೆಟ್ಟಂತೆ ವರದಿ ಬರುತ್ತದೆ. ಅದಕ್ಕೇ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ ಈ ರಕ್ತಪರೀಕ್ಷೆಗೆ ಮುಂಚಿನ 12 ಗಂಟೆ ಮಾಂಸ ಬೇಡ ಎನ್ನುತ್ತದೆ. ಸಂಖ್ಯೆ ದಿಢೀರ್ ಏರಿದ ರೋಗಿಯನ್ನು ಮೊದಲು ಹಿಂದಿನ ರಾತ್ರಿಯ ಊಟ ಏನಿತ್ತೆಂದು ಕೇಳಿ.